ಭೂಭರ್ತಿ ಘಟಕಗಳ ವರ್ಗೀಕರಣ

ಮರುಬಳಕೆಗೆ ಬಾರದ ತ್ಯಾಜ್ಯವನ್ನು ನೆಲದಲ್ಲಿ ಪದರಪದರವಾಗಿ ತುಂಬಿ ಮುಚ್ಚುವ ಜಾಗವೇ ಭೂಭರ್ತಿ ಘಟಕ ಅಥವಾ ಲ್ಯಾಂಡ್‌ಫಿಲ್. ಎಂಥ ತ್ಯಾಜ್ಯವನ್ನು ತುಂಬಬಹುದು ಎಂಬುದರ ಮೇಲೆ ಇವುಗಳನ್ನು ವರ್ಗೀಕರಿಸುತ್ತಾರೆ. ಕಸದ ಮೂಲಕ ಇಳಿದ ಮಳೆನೀರು ಲೀಚೇಟ್ ಎಂಬ ಕೊಳಕು ದ್ರವವಾಗಿ ಅಂತರ್ಜಲ ಸೇರಬಹುದು. ಆ ದ್ರವ ಎಷ್ಟು ವಿಷಕಾರಿಯಾಗಬಲ್ಲದು ಎಂಬುದೇ ಈ ವಿಂಗಡಣೆಯ ಮುಖ್ಯ ಆಧಾರ.

ಯುರೋಪಿನ ಮೂರು ವರ್ಗಗಳು

ಐರೋಪ್ಯ ಒಕ್ಕೂಟದ 1999ರ ನಿರ್ದೇಶನ ಮೂರು ವರ್ಗಗಳನ್ನು ಗುರುತಿಸಿದೆ.

*ಜಡ ತ್ಯಾಜ್ಯ:* ಇಟ್ಟಿಗೆ, ಕಾಂಕ್ರೀಟ್, ಹೆಂಚು, ಗಾಜಿನಂಥ ಕೊಳೆಯದ, ಉರಿಯದ ವಸ್ತುಗಳು. ತಳದಲ್ಲಿ ಕನಿಷ್ಠ 1 ಮೀಟರ್ ಮಣ್ಣಿನ ತಡೆ ಸಾಕು.

*ಅಪಾಯಕಾರಿಯಲ್ಲದ ತ್ಯಾಜ್ಯ:* ಮನೆಗಳ ಕಸ ಇಲ್ಲಿಗೆ ಸೇರುತ್ತದೆ. ಅದು ಕೊಳೆತಾಗ ಮೀಥೇನ್ ಹುಟ್ಟುವುದರಿಂದ ಅನಿಲವನ್ನು ಸಂಗ್ರಹಿಸಬೇಕು. ತಳದ ತಡೆ ಇಲ್ಲಿಯೂ 1 ಮೀಟರ್. ಆದರೆ ನೀರು ಇಳಿಯುವ ವೇಗ ಜಡ ವರ್ಗದಲ್ಲಿ ಒಪ್ಪುವುದರ ನೂರನೇ ಒಂದು ಭಾಗವನ್ನು ಮೀರಬಾರದು. ಜಿಪ್ಸಮ್ ಹಲಗೆಗಳನ್ನು ಕೊಳೆಯುವ ಕಸದ ಜೊತೆ ಹಾಕುವಂತಿಲ್ಲ, ಎರಡೂ ಸೇರಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಉಂಟಾಗುತ್ತದೆ.

*ಅಪಾಯಕಾರಿ ತ್ಯಾಜ್ಯ:* ತಳದ ತಡೆ ಅಷ್ಟೇ ಬಿಗಿ, ದಪ್ಪ ಮಾತ್ರ ಕನಿಷ್ಠ 5 ಮೀಟರ್.

ಪರೀಕ್ಷೆ

ಬೂದಿಯಂಥ ತ್ಯಾಜ್ಯವನ್ನು ಯಾವ ವರ್ಗಕ್ಕೆ ಕಳಿಸಬೇಕೆಂದು ಪ್ರಯೋಗಾಲಯದಲ್ಲಿ ನಿರ್ಧರಿಸುತ್ತಾರೆ. ಪುಡಿಮಾಡಿದ ಮಾದರಿಯನ್ನು ಒಂದು ಕಿಲೋಗೆ 10 ಲೀಟರ್ ನೀರಿನಂತೆ ಬೆರೆಸಿ 24 ಗಂಟೆ ಕಲಕಿ, ನೀರಿಗೆ ಬಿಟ್ಟುಕೊಂಡ ಲೋಹಗಳನ್ನು ಅಳೆಯುತ್ತಾರೆ. ಒಂದು ಕಿಲೋ ತ್ಯಾಜ್ಯದಿಂದ ಹೊರಬಂದ ಸೀಸ 0.5 ಮಿಲಿಗ್ರಾಂ ಮೀರಿದರೆ ಜಡ ಘಟಕದ ಬಾಗಿಲು ಮುಚ್ಚಿತು. 50 ಮಿಲಿಗ್ರಾಂ ಮೀರಿದರೆ ಅಪಾಯಕಾರಿ ತ್ಯಾಜ್ಯದ ಘಟಕವೂ ಒಪ್ಪುವುದಿಲ್ಲ. ಮಿತಿಯೊಳಗೆ ತರಲೆಂದೇ ಬೇರೆ ವಸ್ತು ಬೆರೆಸಿ ತೆಳುವಾಗಿಸುವುದು ನಿಷಿದ್ಧ. ದ್ರವ, ಸ್ಫೋಟಕ ಮತ್ತು ಸೋಂಕು ಹರಡುವ ಆಸ್ಪತ್ರೆ ತ್ಯಾಜ್ಯಕ್ಕೆ ಯಾವ ವರ್ಗದಲ್ಲೂ ಜಾಗವಿಲ್ಲ.

ಭಾರತ

ಭಾರತದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಗರಗಳ ಭೂಭರ್ತಿಯನ್ನು ಜಡ ತ್ಯಾಜ್ಯಕ್ಕೂ ಸಂಸ್ಕರಣೆಯ ನಂತರ ಉಳಿದದ್ದಕ್ಕೂ ಸೀಮಿತಗೊಳಿಸಿದವು. ತಳಕ್ಕೆ 90 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ಪ್ಲಾಸ್ಟಿಕ್ ಹಾಳೆ ಹಾಸಬೇಕೆಂದವು. ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳೂ ಪ್ರತ್ಯೇಕ ಘಟಕಗಳೂ ಇವೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯದು ಅಂಥದ್ದು. ಮನೆಯಲ್ಲೇ ಕಸ ಬೇರ್ಪಡದಿದ್ದರೆ ಈ ವರ್ಗೀಕರಣ ಕಾಗದದಲ್ಲೇ ಉಳಿಯುತ್ತದೆ. ಹಸಿ ಕಸ, ಒಣ ಕಸ ಒಟ್ಟಿಗೇ ಬಂದು ಬಿದ್ದ ಬೆಂಗಳೂರು ಹೊರವಲಯದ ಮಾವಳ್ಳಿಪುರ ಮತ್ತು ಮಂಡೂರುಗಳಲ್ಲಿ ಗ್ರಾಮಸ್ಥರ ಹೋರಾಟದ ಬಳಿಕ ಕಸ ಸುರಿಯುವುದು ನಿಂತಿತು.