ತಿರುವೈಯಾರಿನ ಕೈಮುಗಿದ ಪ್ರತಿಮೆ

ತಂಜಾವೂರಿಗೆ ಸಮೀಪ ಕಾವೇರಿಯ ದಡದಲ್ಲಿರುವ ತಿರುವೈಯಾರು ಸಂಗೀತಗಾರರ ಯಾತ್ರಾಸ್ಥಳವಾದದ್ದು ವಾಗ್ಗೇಯಕಾರ ತ್ಯಾಗರಾಜರಿಂದ. ಆದರೆ ಅವರ ಸಮಾಧಿಯ ಎದುರು ಕೈಮುಗಿದು ಕುಳಿತಿರುವ ಪ್ರತಿಮೆ, ದೇವಾಲಯದ ನೃತ್ಯಗಾನ ಸೇವೆಗೆ ಮೀಸಲಾಗಿದ್ದ ದೇವದಾಸಿಯರ ಮನೆತನದಲ್ಲಿ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರದು.

1847ರಲ್ಲಿ ತೀರಿಕೊಂಡ ತ್ಯಾಗರಾಜರು ಅದಕ್ಕೆ ಮುನ್ನ ಸಂನ್ಯಾಸ ಸ್ವೀಕರಿಸಿದ್ದರಿಂದ ಅವರ ದೇಹವನ್ನು ದಹಿಸದೆ ಭೂಮಿಯಲ್ಲಿರಿಸಲಾಯಿತು. ಕಾಲಾಂತರದಲ್ಲಿ ಪಾಳುಬಿದ್ದ ಆ ಜಾಗವನ್ನು ಅವರ ಶಿಷ್ಯರಾದ ಉಮಯಾಳ್‌ಪುರಂ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು 1903ರಲ್ಲಿ ಜೀರ್ಣೋದ್ಧಾರ ಮಾಡಿದರೂ ಅದು ಮತ್ತೆ ಅನಾದರಕ್ಕೆ ಒಳಗಾಯಿತು. ಮದರಾಸಿನಲ್ಲಿ ಗಾಯಕಿಯಾಗಿ ಹೆಸರು, ಹಣ ಎರಡನ್ನೂ ಗಳಿಸಿದ್ದ ನಾಗರತ್ನಮ್ಮನವರು ಅಲ್ಲಿ ಗುಡಿ ಕಟ್ಟಿಸಲು ಮುಂದಾಗಿ, 1921ರಲ್ಲಿ ಅಡಿಗಲ್ಲು ಹಾಕಿಸಿ, 1926ರಲ್ಲಿ ತ್ಯಾಗರಾಜರ ಮೂರ್ತಿಗೆ ಪ್ರತಿಷ್ಠೆ ಮಾಡಿಸಿದರು.

ವಿಚಿತ್ರವೆಂದರೆ, ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿರಲಿಲ್ಲ. ಪುಷ್ಯ ಬಹುಳ ಪಂಚಮಿಯಂದು ನಡೆಯುವ ಆರಾಧನೆ, ಅಂದರೆ ಪುಣ್ಯತಿಥಿಯ ಪೂಜೆ ಮತ್ತು ಗಾನಸೇವೆ, ಪೆರಿಯ ಕಚ್ಚಿ, ಚಿನ್ನ ಕಚ್ಚಿ ಎಂಬ ಎರಡು ಬಣಗಳ ಜಗಳಕ್ಕೆ ಸಿಕ್ಕಿತ್ತು. ಇತರ ವಿಷಯಗಳಲ್ಲಿ ಕಿತ್ತಾಡುತ್ತಿದ್ದ ಇವರು ಹೆಂಗಸರನ್ನು ಹೊರಗಿಡುವುದರಲ್ಲಿ ಮಾತ್ರ ಒಂದಾಗಿದ್ದರು. ತೆಲುಗು ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಕಾವ್ಯವನ್ನು 1910ರಲ್ಲಿ ಮರುಪ್ರಕಟಿಸಿ, ಅದು ಅಶ್ಲೀಲವೆಂಬ ಆಕ್ಷೇಪವನ್ನೂ ಸರ್ಕಾರದ ನಿಷೇಧವನ್ನೂ ಎದುರಿಸಿದ್ದ ಈ ವಿದುಷಿ ಇಲ್ಲಿಯೂ ಹಿಂಜರಿಯದೆ, 1927ರಲ್ಲಿ ದೇವದಾಸಿಯರನ್ನು ಕೂಡಿಸಿಕೊಂಡು ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಆದ ಆರಾಧನೆಯನ್ನು ಆರಂಭಿಸಿದರು. ಬಣಗಳೆಲ್ಲ ಸೇರಿ ಒಂದೇ ಉತ್ಸವ ನಡೆಸುವಂತಾದದ್ದು 1941ರ ಹೊತ್ತಿಗೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳಲ್ಲಿ ತ್ಯಾಗರಾಜರು ರಚಿಸಿದ ಪಂಚರತ್ನ ಕೃತಿಗಳನ್ನು ಗಂಡು ಹೆಣ್ಣೆನ್ನದೆ ವಿದ್ವಾಂಸರೆಲ್ಲ ಸಾಲಾಗಿ ಕುಳಿತು ಒಕ್ಕೊರಲಿನಿಂದ ಹಾಡುವ ಇಂದಿನ ಕ್ರಮ ಪುರಾತನವೆಂದು ತೋರಿದರೂ, ಈ ಒಪ್ಪಂದದ ನಂತರವೇ ನೆಲೆಗೊಂಡದ್ದು.

1952ರಲ್ಲಿ ನಾಗರತ್ನಮ್ಮನವರು ತಿರುವೈಯಾರಿನಲ್ಲೇ ಕಣ್ಮುಚ್ಚಿದ ಮೇಲೆ ಸಮಾಧಿಯ ಬಳಿಯಲ್ಲೇ ಅವರ ಸ್ಮಾರಕವೆದ್ದಿತು. ಅಲ್ಲಿನ ಪ್ರತಿಮೆಯ ಕೈಯಲ್ಲಿ ವೀಣೆಯಿಲ್ಲ, ತಂಬೂರಿಯಿಲ್ಲ. ಹಾಡುಗಾರಿಕೆಗಿಂತ ಭಕ್ತಿಯನ್ನೇ ಮುಂದುಮಾಡಿದ ಈ ಭಂಗಿ ಸುಂದರವಾದರೂ, ಅವರ ಹೋರಾಟದ ಕಸುವನ್ನು ಮರೆಮಾಡುತ್ತದೆ ಎನ್ನಬೇಕು. ಆ ಕಸುವು ಕಾಣುವುದು 1949ರಲ್ಲಿ ಅವರು ಬರೆಸಿದ ಉಯಿಲಿನಲ್ಲಿ: ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟುಕೊಟ್ಟ ಅವರು, ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಗಾನಸೇವೆ ಮಾಡುವ ಹಕ್ಕಿರಬೇಕೆಂದು ಷರತ್ತು ಹಾಕಿದ್ದರು.