‘ಕಾಟಕಾಯಿ’ ಎಂಬ ಹೆಸರು ಅಳಿಸಲು ಎಷ್ಟು ವರ್ಷ ಬೇಕಾಯಿತು!

ಸುಳ್ಯ, ಪುತ್ತೂರು ಕಡೆಯ ಹಳಬರ ಬಾಯಲ್ಲಿ ಒಂದು ಮಾತಿತ್ತು: ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಸುಲಿಗೆ. 1837ರಲ್ಲಿ ಆ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ದಂಡೆತ್ತಿ ಹೋಗಿದ್ದರು. ಅದಕ್ಕೆ ಉಳಿದುಕೊಂಡ ಹೆಸರು ಇದು. ಹೋರಾಡಿದವರ ಮೊಮ್ಮಕ್ಕಳ ಊರಿನಲ್ಲೂ ಇದೇ ಹೆಸರು ನಡೆಯುತ್ತಿತ್ತು.

ಅಷ್ಟಕ್ಕೂ ಆಗಿದ್ದೇನು?

1834ರಲ್ಲಿ ಬ್ರಿಟಿಷರು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಮಂಗಳೂರು ಕಲೆಕ್ಟರರ ಕೈಗೆ ಕೊಟ್ಟರು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ಕಂದಾಯ ಕೊಡಬಹುದಿತ್ತು. ಕಂಪನಿಗೆ ನಗದೇ ಆಗಬೇಕು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ರೂಪಾಯಿ ಬೆಳೆಯುವುದಿಲ್ಲ. ಕಂತು ಕಟ್ಟುವ ಹೊತ್ತಿಗೆ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಇದು ಇವತ್ತಿನ ರೈತರಿಗೆ ಬಿಡಿಸಿ ಹೇಳಬೇಕಾದ ಕಷ್ಟವಲ್ಲ.

1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಜನ ಎದ್ದರು. ಪುಟ್ಟಬಸಪ್ಪ ಎಂಬಾತನನ್ನು ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಕಂದಾಯ ಮನ್ನಾ ಮಾಡುತ್ತೇವೆ, ಉಪ್ಪು ಹೊಗೆಸೊಪ್ಪಿನ ಮೇಲಿನ ಸುಂಕ ತೆಗೆಯುತ್ತೇವೆ ಎಂದು ಸಾರಿದರು. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಅದಕ್ಕೇ ಅದು ಬಾವುಟಗುಡ್ಡವಾಯಿತು ಎನ್ನುತ್ತಾರೆ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು.

ಆಮೇಲೆ ಕಣ್ಣೂರಿನಿಂದ ಕಂಪನಿಯ ಸೈನ್ಯ ಬಂತು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲು ಶಿಕ್ಷೆಗಳಾದವು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ನಡೆದದ್ದು 1857ಕ್ಕಿಂತ 20 ವರ್ಷ ಮೊದಲು.

ಸೋತವರು ಕಾಗದ ಬರೆದಿಡಲಿಲ್ಲ. ಬರೆದವರು ಗೆದ್ದ ಅಧಿಕಾರಿಗಳು. ಅವರ ಲೆಕ್ಕದಲ್ಲಿ ಖಜಾನೆಗೆ ಕೈ ಹಾಕಿದ್ದು ಅಪರಾಧ, ರೈತನ ಕಣಜ ಬರಿದಾದದ್ದು ಬರೀ ವಸೂಲಿ. ಗಲ್ಲು ಕಂಡ ಊರಿನಲ್ಲಿ ‘ನಮ್ಮಜ್ಜನೂ ಆ ದಂಡಿನಲ್ಲಿದ್ದ’ ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ? ಹಾಗೆ ಆಳುವವರ ತೀರ್ಪು ಊರವರ ಬಾಯಿಮಾತಾಗಿ ಉಳಿಯಿತು.

ಅದನ್ನು ಬದಲಿಸಲು ಹೊರಗಿನಿಂದ ಯಾರೂ ಬರಲಿಲ್ಲ. ಅದೇ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದರು. ಸಂಪಾಜೆಯ ಎನ್.ಎಸ್. ದೇವಿಪ್ರಸಾದ್ ಈ ಹೋರಾಟದ ಮೇಲೆ ಪುಸ್ತಕ ಬರೆದರು. ಅರೆಭಾಷೆ ಆಡುವ ಗೌಡ ಸಮುದಾಯದವರು ತಮ್ಮ ಹಿರಿಯರ ಹೆಸರುಗಳನ್ನು ಮತ್ತೆ ಎತ್ತಿ ಹೇಳತೊಡಗಿದರು. 2011ರಲ್ಲಿ ಅರೆಭಾಷೆಗೆ ಅಕಾಡೆಮಿ ಬಂತು. 2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲೇ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಈಗ ‘ಕಾಟಕಾಯಿ’ ಹೋಗಿ ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’ ಎಂಬ ಹೆಸರು ಬಂದಿದೆ.

ನಮಗೆ ಇದು ಖುಷಿಯ ವಿಷಯವೇ. ಆದರೆ ಕಥೆ ಇಲ್ಲಿಗೇ ಮುಗಿಯಬಾರದು.

ಆ ದಂಡಿನಲ್ಲಿ ಗೌಡರಷ್ಟೇ ಇರಲಿಲ್ಲ. ಕಾಡಂಚಿನ ಕುಡಿಯರಿದ್ದರು, ಜೈನ ಮನೆತನದ ಲಕ್ಷ್ಮಪ್ಪ ಬಂಗರಸರಿದ್ದರು, ಬೇರೆ ಬೇರೆ ಜಾತಿಯ ಜನರಿದ್ದರು. ಪ್ರತಿಮೆ ಒಬ್ಬರದ್ದೇ ಆಗುತ್ತದೆ, ಇತಿಹಾಸ ಹಾಗಾಗಬಾರದು. ಅಷ್ಟು ದೊಡ್ಡ ಗುಂಪಿನಲ್ಲಿ ಲೂಟಿಗೆಂದೇ ಸೇರಿದವರೂ ಇದ್ದಿರಬಹುದು. ಅದನ್ನು ಮುಚ್ಚಿಡಬೇಕಾಗಿಲ್ಲ. ಪುಟ್ಟಬಸಪ್ಪನಿಗೆ ವೇಷ ಹಾಕಿಸಿದ್ದನ್ನೂ ಮುಚ್ಚಿಡಬೇಕಾಗಿಲ್ಲ. ಜನ ನಂಬುವ ಹೆಸರೊಂದು ಬೇಕಿತ್ತು, ಹುಡುಕಿಕೊಂಡರು. ಗೆದ್ದವರು ನಮ್ಮನ್ನು ಬಿಟ್ಟು ಬರೆದರು ಎಂದು ದೂರುವ ನಾವು, ನಮ್ಮ ಸರದಿ ಬಂದಾಗ ಇನ್ನೊಬ್ಬರನ್ನು ಬಿಟ್ಟು ಬರೆದರೆ ನಮಗೂ ಕಂಪನಿಯ ಗುಮಾಸ್ತನಿಗೂ ಏನು ವ್ಯತ್ಯಾಸ?

ನಿಮ್ಮೂರಿನಲ್ಲೂ ಇಂಥ ಹೆಸರೊಂದು ಇರಬಹುದು. ಯಾವುದೋ ಗುಡ್ಡಕ್ಕೋ, ಓಣಿಗೋ, ಹಳೇ ಜಗಳಕ್ಕೋ ಅಂಟಿಕೊಂಡಿರಬಹುದು. ಆ ಹೆಸರು ಇಟ್ಟವರು ಯಾರೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಊರಿನ ಇನ್ನೊಂದು ಕೇರಿಗೂ ಹೋಗಿ ಅದನ್ನೇ ಕೇಳಿ.