ಬೆಂಗಳೂರು–ಮಂಗಳೂರು ವಿಮಾನ: 22 ನಿಮಿಷದ ದೂರಕ್ಕೆ ಒಂದು ಗಂಟೆ ಏಕೆ?

"ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬರೀ 22 ನಿಮಿಷ. ಟಿಕೆಟ್‌ನಲ್ಲಿ ಒಂದು ಗಂಟೆ ಎಂದು ಹಾಕಿ ಯಾಮಾರಿಸುತ್ತಾರೆ. ಭೂಮಿ ತಿರುಗುವುದರಿಂದ ಹೋಗುವಾಗ ಬೇಗ, ಬರುವಾಗ ತಡ." ಇಂಥ ಲೆಕ್ಕ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ದೂರ ಎಷ್ಟು?

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 306 ಕಿ.ಮೀ. ರಸ್ತೆ ಘಟ್ಟ ಬಳಸಿ ಇಳಿಯಬೇಕಾದ್ದರಿಂದ ಬಸ್ಸಿಗೆ ಇನ್ನಷ್ಟು ದೂರ. ಏರ್‌ಬಸ್ ಎ320ಯಂಥ ಜೆಟ್ ಪೂರ್ಣ ವೇಗದಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸು ಹಾರುತ್ತದೆ. 306ನ್ನು 830ರಿಂದ ಭಾಗಿಸಿದರೆ 22 ನಿಮಿಷ ಬರುತ್ತದೆ. ಭಾಗಾಕಾರ ಸರಿಯಾಗಿದೆ, ಆದರೆ ವಿಮಾನ ಹಾಗೆ ಹಾರುವುದಿಲ್ಲ.

ಉಳಿದ ಸಮಯ ಎಲ್ಲಿ ಹೋಗುತ್ತದೆ?

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಸಮಯ. ರನ್‌ವೇ ತಲುಪುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಸಾಗುವುದು ಎಲ್ಲವೂ ಇದರಲ್ಲಿ ಸೇರಿದೆ.

ಆಕಾಶದಲ್ಲೂ ಪೂರ್ಣ ವೇಗ ಸಿಗುವುದು ಸ್ವಲ್ಪ ಹೊತ್ತು ಮಾತ್ರ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ ಸುಮಾರು 460 ಕಿ.ಮೀ. ಮಿತಿ ಇರುತ್ತದೆ. ಇಷ್ಟು ಹತ್ತಿರದ ಊರಿಗೆ, ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗುತ್ತದೆ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ವಿಮಾನವಾದರೆ ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು.

ಗಾಳಿಯ ಪಾತ್ರವೂ ಇದೆ. ವಿಮಾನಗಳು ಎದುರುಗಾಳಿಗೆ ಮುಖ ಮಾಡಿ ಏರುತ್ತವೆ, ಇಳಿಯುತ್ತವೆ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಪೂರ್ವದ ಗಾಳಿ ಬೀಸುತ್ತಿದ್ದರೆ, ಪಶ್ಚಿಮದ ಮಂಗಳೂರಿಗೆ ಹೋಗುವ ವಿಮಾನ ಮೊದಲು ಪೂರ್ವಕ್ಕೆ ಹಾರಿ, ಆಮೇಲೆ ಸುತ್ತಿ ಬರಬೇಕು. ಮಳೆಗಾಲದಲ್ಲಿ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ಸ್ಪಷ್ಟವಾಗಿ ಕಾಣದಿದ್ದರೆ ಆಕಾಶದಲ್ಲೇ ಸುತ್ತು ಹೊಡೆಯುತ್ತಾ ಕಾಯಬೇಕಾಗಬಹುದು.

ಭೂಮಿ ತಿರುಗುವುದರಿಂದ ಲಾಭವಿದೆಯೇ?

ಇಲ್ಲ. ನಮ್ಮ ಭಾಗದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಫಾರ್ವರ್ಡ್ ಹೇಳುವುದು ನಿಜವಾಗಿದ್ದರೆ, ಬೆಂಗಳೂರಿನ ಮೇಲೆ ಹೆಲಿಕಾಪ್ಟರ್ ಸುಮ್ಮನೆ ನಿಂತರೂ 11 ನಿಮಿಷದಲ್ಲಿ ಮಂಗಳೂರು ಅದರ ಕೆಳಗೆ ಬರಬೇಕಿತ್ತು! ಹಾಗಾಗುವುದಿಲ್ಲ, ಏಕೆಂದರೆ ನೆಲದ ಜೊತೆಗೆ ಗಾಳಿಯೂ, ಅದರೊಳಗಿನ ವಿಮಾನವೂ ತಿರುಗುತ್ತಿವೆ. ಓಡುವ ಬಸ್ಸಿನೊಳಗೆ ಹಾರುವ ನೊಣ ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲವಲ್ಲ, ಹಾಗೆ. ಹೋಗುವ, ಬರುವ ಸಮಯದಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಗಾಳಿ, ದಟ್ಟಣೆ, ಹಾರಾಟದ ಮಾರ್ಗ ಕಾರಣ.

ನಿಮಗೆ ಬೇಕಾದ ಲೆಕ್ಕ

ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಸಂದರ್ಶನ ಅಥವಾ ಮಂಗಳೂರಿನಿಂದ ಮುಂದಿನ ವಿಮಾನ ಇದ್ದರೆ 22 ನಿಮಿಷವನ್ನು ನಂಬಬೇಡಿ. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ದೇವನಹಳ್ಳಿಗೆ ಹೋಗುವ ಹಾದಿಯ ಟ್ರಾಫಿಕ್, ಭದ್ರತಾ ತಪಾಸಣೆ, ಬಜ್ಪೆಯಿಂದ ಮಂಗಳೂರು ಪೇಟೆಗೆ ಇಳಿಯುವ ಸಮಯ ಸೇರಿಸಿದರೆ ಮನೆಯಿಂದ ಮನೆಗೆ ನಾಲ್ಕೈದು ಗಂಟೆ ಇಟ್ಟುಕೊಳ್ಳುವುದು ಜಾಣತನ.

ಒಟ್ಟಿನಲ್ಲಿ: 22 ನಿಮಿಷ ಎಂಬುದು ಕಾಗದದ ಲೆಕ್ಕ. ಟಿಕೆಟ್‌ನ ಒಂದು ಗಂಟೆಯಲ್ಲಿ ಮೋಸವಿಲ್ಲ. ಭೂಮಿ ತಿರುಗುವ ಮಾತು ಸುಳ್ಳು.